ನಲವತ್ತು ವರ್ಷದ ನೀಲಿ ನೀರು

ತಲೆಗೆ ದಿನಕ್ಕೆ ಮೂರೇ ಲೀಟರ್ ನೀರು ಸಿಗುತ್ತಿದ್ದ ಕಾಲವದು. ಅದರಲ್ಲೂ ಒಂದು ಲೋಟವನ್ನು ಅಧ್ಯಯನಕ್ಕೆ ಕೊಡಿ ಎಂದು ಭೂವಿಜ್ಞಾನಿ ದ್ರಾಕ್ಷಾಯಣಿ ಜಿಲ್ಲಾ ಸಭೆಯಲ್ಲಿ ಕೇಳಿದಳು. ಅದಕ್ಕೆ ನೀಲಿ ಬಣ್ಣ ಬೆರೆಸಿ ಬತ್ತಿದ ಬೋರ್‌ವೆಲ್‌ಗಳಿಗೆ ಸುರಿದರೆ, ಆ ಬಣ್ಣ ಮುಂದೆ ಎಲ್ಲಿ ಕಾಣಿಸಿಕೊಳ್ಳುತ್ತದೋ ಅದರಿಂದ ನೆಲದೊಳಗೆ ನೀರು ಎಲ್ಲಿಗೆ ಹರಿದು ಹೋಗುತ್ತದೆಂದು ಗೊತ್ತಾಗುತ್ತಿತ್ತು.

“ಯಾವಾಗ ಗೊತ್ತಾಗುತ್ತೆ?” ಮುಂದಿನ ಸಾಲಿನ ಮುದುಕಿ ಹುಸೇನ್‌ಬಿ ಕೇಳಿದಳು.

ಹತ್ತು ವರ್ಷ ಎಂದು ಹೇಳಿಬಿಡು ಎಂದಿದ್ದರು ಮೇಲಧಿಕಾರಿ. ದ್ರಾಕ್ಷಾಯಣಿ ಹಾಗೆ ಹೇಳಲಿಲ್ಲ.

“ನೆಲದೊಳಗೆ ನೀರು ಬಹಳ ನಿಧಾನ ಹರಿಯುತ್ತೆ. ನಲವತ್ತು ವರ್ಷ ಬೇಕಮ್ಮ.”

ಸಭೆಯಲ್ಲಿ ಗದ್ದಲವೆದ್ದಿತು. ಮುದುಕಿ ಕುಳಿತಲ್ಲಿಂದ ಏಳಲಿಲ್ಲ. “ಆಗಲಾದ್ರೂ ನೀರು ಸಿಗುತ್ತಾ?”

“ಗೊತ್ತಿಲ್ಲ. ಸಿಗದೇನೂ ಇರಬಹುದು.”

ಕೆಲವರು ಎದ್ದು ಹೊರಟೇಬಿಟ್ಟರು. ಹುಸೇನ್‌ಬಿ ಮಾತ್ರ ಕೈ ಎತ್ತಿದಳು. ಆಮೇಲೆ ಅವಳ ಹಿಂದೆ ಒಂದೊಂದಾಗಿ ಕೈಗಳು ಮೇಲೆದ್ದವು. ಏಳು ಮತಗಳ ಅಂತರದಿಂದ ಯೋಜನೆ ಗೆದ್ದಿತು.

ಮರುದಿನ ಬೋರ್‌ವೆಲ್ ಬಳಿ ಹುಸೇನ್‌ಬಿ ತನ್ನ ಲೋಟವನ್ನು ಚಾಚಿದಾಗ ದ್ರಾಕ್ಷಾಯಣಿ, “ನೀವ್ಯಾಕೆ ಒಪ್ಪಿದ್ರಿ?” ಎಂದು ಕೇಳಿದಳು.

“ಇಷ್ಟು ದಿನ ಬಂದವರೆಲ್ಲ ಸಿಕ್ಕೇ ಸಿಗುತ್ತೆ ಅಂದಿದ್ರು. ಗೊತ್ತಿಲ್ಲ ಅಂದವಳು ನೀನೊಬ್ಬಳೇ.”

ಊರವರೆಲ್ಲ ಕೊಟ್ಟ ನೀರಿಗೆ ಬಣ್ಣ ಬೆರೆಸಿ ದ್ರಾಕ್ಷಾಯಣಿ ಕೊಳವೆಯೊಳಗೆ ಸುರಿದಳು. ಮಂಡಿಯೂರಿ ಕಿವಿಗೊಟ್ಟು ಕಾದಳು. ನೀರು ತಳ ಮುಟ್ಟಿದ ಸದ್ದು ಕೇಳಿಸಲೇ ಇಲ್ಲ.