ಇಲ್ಲೇ ಇದ್ದವಳು

"ವರ್ಷಪೂರ್ತಿ ಎಲ್ಸಮ್ಮ ಇಲ್ಲೇ ಇದ್ಲು ಸ್ವಾಮಿ. ಯಾರನ್ನ ಬೇಕಾದ್ರೂ ಕೇಳ್ಕಳಿ," ಎಂದಳು ಮುನಿಯಕ್ಕ, ಕಣ್ಣು ಮಿಟುಕಿಸದೆ.

ತನ್ನ ಮನೆ ಬಾಗಿಲಿಗೆ ಬೆನ್ನು ಮಾಡಿ ಜಗುಲಿಯ ಮೇಲೆ ಕುಳಿತಿದ್ದ ಎಲ್ಸಾ ತಟ್ಟನೆ ಅವಳ ಕಡೆ ತಿರುಗಿದಳು. ಪಕ್ಕದ ಮನೆಯ ಈ ಮುದುಕಿ ತನಗೋಸ್ಕರ ಪೊಲೀಸಿನವನ ಮುಂದೆ ಹಸಿಹಸಿ ಸುಳ್ಳು ಹೇಳುತ್ತಿದ್ದಾಳೆ! ಐವತ್ತೊಂಬತ್ತನೇ ಇಸವಿಯಲ್ಲಿ ಜರ್ಮನಿಯಿಂದ ನರ್ಸಾಗಿ ಬಂದ ಎಲ್ಸಾ, ವೈಟ್‌ಫೀಲ್ಡ್ ಪಕ್ಕದ ಈ ಹಳ್ಳಿಯಲ್ಲಿ ಹೆರಿಗೆ ಮಾಡಿಸುತ್ತಲೇ ತಲೆ ನರೆಸಿಕೊಂಡಿದ್ದಳು. ಈಗ ಅವಳಿದ್ದ ಆಸ್ಪತ್ರೆ ಮುಚ್ಚಿತ್ತು. ಇಲ್ಲಿರಲು ಕೊಟ್ಟಿದ್ದ ಪರವಾನಗಿ ಈ ತಿಂಗಳಿಗೆ ಮುಗಿಯುತ್ತಿತ್ತು. ಪೌರತ್ವಕ್ಕೆ ಹಾಕಿದ ಅರ್ಜಿ ಬಿದ್ದುಹೋದರೆ ಗಂಟುಮೂಟೆ ಕಟ್ಟುವುದೊಂದೇ ದಾರಿ.

"ಸುಮ್ನಿರು ಮುನಿಯಕ್ಕ," ಎಂದಳು ಎಲ್ಸಾ. "ಅರ್ಜೀಲಿ ನಾನೇ ಬರ್ಕೊಟ್ಟಿದ್ದೀನಿ ಸಾರ್. ನಮ್ಮಮ್ಮ ಸಾಯೋ ಹಾಗಿದ್ಲು. ಹತ್ತು ತಿಂಗಳು ಜರ್ಮನೀಲೇ ಇದ್ದೆ. ಅವಳನ್ನ ಮಣ್ಣು ಮಾಡಿ, ಮನೆ ಖಾಲಿ ಮಾಡಿ ಬಂದೆ."

ಅಂಗಳದ ಕುರ್ಚಿಯಲ್ಲಿ ಎದುರಿಗೆ ಕುಳಿತಿದ್ದ ಇನ್‌ಸ್ಪೆಕ್ಟರ್ ಪಟ್ಟಾಭಿರಾಮ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ಅದೇ ಮೇಡಂ ತೊಂದರೆ. ಅರ್ಜಿಗೆ ಮುಂಚಿನ ಒಂದು ವರ್ಷ ತುಂಡಾಗದ ಹಾಗೆ ಇಲ್ಲೇ ಇರಬೇಕು. ಅದಕ್ಕೂ ಹಿಂದೆ ಎಷ್ಟು ವರ್ಷ ಇದ್ರೂ ಆ ಒಂದು ವರ್ಷಕ್ಕೆ ಅದು ಬದಲಿ ಆಗಲ್ಲ. ಇಲ್ಲೇ ಇದ್ದವರಿಗೆ ಸಿಗುತ್ತೆ, ಹೋಗಿ ಬಂದವರಿಗೆ ಇಲ್ಲ."

"ಓಹೋ!" ಎಲ್ಸಾ ಸಿಡಿದಳು. "ಇಪ್ಪತ್ತು ವರ್ಷ ಈ ಊರಿನ ಮಕ್ಕಳ ಹೊಕ್ಕಳಬಳ್ಳಿ ಕತ್ತರಿಸಿದ್ದು ಲೆಕ್ಕಕ್ಕಿಲ್ಲ. ಹೆತ್ತ ತಾಯಿ ಬಾಯಿಗೆ ನೀರು ಬಿಡೋಕೆ ಹೋಗಿದ್ದು ಮಾತ್ರ ಲೆಕ್ಕಕ್ಕೆ! ಯಾವನ್ರೀ ಅದನ್ನ ಬರೆದೋನು? ಅವನೇನು ಮರದ ಪೊಟರೇಲಿ ಹುಟ್ಟಿದ್ನಾ?"

"ನನ್ನ ಮೇಲ್ಯಾಕೆ ರೇಗ್ತೀರ ಮೇಡಂ, ನಾನು ವಿಚಾರಿಸೋಕೆ ಬಂದೋನು. ಆದ್ರೆ ಒಂದು ವಿಚಿತ್ರ. ಬೀದೀಲಿ ಯಾರನ್ನ ಕೇಳಿದ್ರೂ ನೀವು ಇಲ್ಲೇ ಇದ್ರಿ ಅಂತಾರೆ." ಮುನಿಯಕ್ಕನ ಕಡೆ ತಿರುಗಿದ. "ಊರಿಗೆಲ್ಲ ಪಾಠ ಹೇಳ್ಕೊಟ್ಟಿದ್ದೀಯೇನಜ್ಜಿ?"

"ನಾನ್ಯಾಕೆ ಯೋಳ್ಕೊಡ್ಲಿ? ಬಸ್ ಹತ್ತಿದ್ದು ದಿಟ, ನಾನೇ ಹತ್ತಿಸಿದ್ದೆ. ದೂರ ಓದವರ ಮನೆ ಬರಿದಾಗಬಾರ್ದು ಅಂತ ನಮ್ಮತ್ತೆ, ದೀಪ ಹಚ್ಚೋ ಒತ್ನಾಗೆ, ಒಸಲ ಮ್ಯಾಲೆ ಒಂದು ಚೊಂಬು ನೀರಿಟ್ಟು ಅವರ ಎಸ್ರು ಕೂಗಿ ಉಣ್ಣಕ್ಕೆ ಕರೆಯೋಳು. ನಾನೂ ಅಂಗೇ ಕರೆದೆ. ಆ ವಾರದಾಗೇ ತಿರುಗಿ ಬಂದ್ಯಲ್ಲಮ್ಮ ನೀನು? ಬಂದು ನೀರು ಕುಡಿದ್ಯಲ್ಲ?"

ಎಲ್ಸಾ ನಗಲು ಹೋದಳು. ಅಷ್ಟರಲ್ಲಿ ಒಂದು ನೆನಪಾಯಿತು. ಹೋದ ತಿಂಗಳು ಟ್ರಂಕು ಹಿಡಿದು ಊರಿಗೆ ಮರಳಿದ ಸಂಜೆ ಯಾರೂ ಓಡಿ ಬಂದಿರಲಿಲ್ಲ. ತಾಯಿ ಏನಾದಳೆಂದು ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಮುನಿಯಕ್ಕ ಕೂಡ, ಸಂತೆಯಿಂದ ಬಂದವಳನ್ನು ಕೇಳುವ ಹಾಗೆ, "ಇಷ್ಟೊತ್ತು ಮಾಡ್ದ್ಯಾ?" ಎಂದಿದ್ದಳು ಅಷ್ಟೆ. ಬಾಗಿಲು ತೆಗೆದರೆ ಒಳಗೆ ಚಿಟಿಕೆ ಧೂಳಿರಲಿಲ್ಲ. ಬಚ್ಚಲು ಒದ್ದೆಯಾಗಿತ್ತು. ಮುನಿಯಕ್ಕ ತೊಳೆದಿಟ್ಟಿರಬೇಕು ಎಂದುಕೊಂಡು ಅಂದು ಸುಮ್ಮನಾಗಿದ್ದಳು.

"ನಂಬಕಿಲ್ವಾ?" ಮುನಿಯಕ್ಕ ಮಡಿಲಲ್ಲಿದ್ದ ಮೊಮ್ಮಗಳ ಕೊರಳಿನ ತಾಯತ ಬಿಚ್ಚಿದಳು. "ಇವಳು ಉಟ್ಟಿದ್ದು ದೀಪಾವಳಿ ದಿನ. ಎರಿಗೆ ಮಾಡಿಸಿದೋಳು ನೀನು. ತಗ, ನೀನೇ ಕಟ್ಟಿದ ದಾರ."

ತಾಯತದೊಳಗಿಂದ ಒಣಗಿದ ಹೊಕ್ಕಳಬಳ್ಳಿಯ ಚೂರು ಎಲ್ಸಾಳ ಅಂಗೈಗೆ ಬಿತ್ತು. ಹುಣಸೆಬೀಜದಷ್ಟಿತ್ತು, ಕಪ್ಪಗೆ. ಸುತ್ತ ದಾರ, ದಾರದಲ್ಲೊಂದು ಗಂಟು. ಅದು ಬಲೆಯ ಗಂಟು. ಕಡಲ ದಂಡೆಯಲ್ಲಿ ಮೀನುಗಾರ ಅಪ್ಪ ಅವಳ ಕೈ ಹಿಡಿದು ಕಲಿಸಿದ್ದು. ಅವಳಂಥ ಎಡಚರ ಕೈಗೆ ಮಾತ್ರ ಹಾಗೆ ಬೀಳುವುದು. ಈ ಊರಲ್ಲಿ ಅವಳು ಅದನ್ನು ಯಾರಿಗೂ ಕಲಿಸಿರಲಿಲ್ಲ. ದೀಪಾವಳಿಯ ದಿನ ಅವಳು ಏಳು ಸಮುದ್ರದಾಚೆ ತಾಯಿಯ ಹೆಣದ ಪಕ್ಕ ಕುಳಿತಿದ್ದಳು.

ಹೌದು, ಇಲ್ಲೇ ಇದ್ದೆ ಎಂದರೆ ಸಾಕಿತ್ತು. ಊರೇ ಸಾಕ್ಷಿ. ಆದರೆ ಬಾಯಿ ಒಪ್ಪಲಿಲ್ಲ. "ಸಾರ್, ನಾನು ಇರ್ಲಿಲ್ಲ. ದೇವರಾಣೆಗೂ ಇರ್ಲಿಲ್ಲ."

"ಗೊತ್ತು," ಎಂದ ಪಟ್ಟಾಭಿರಾಮ ಮೆಲ್ಲಗೆ. "ಪಾಸ್‌ಪೋರ್ಟ್ ನೋಡಿದ್ದೀನಿ. ನೀವು ಇರ್ಲಿಲ್ಲ."

ಹೂಡಿ ಹಳ್ಳಿಯ ಕಡೆ ಯಾವುದೋ ಕಾರ್ಖಾನೆಯ ಸೈರನ್ ಊಳಿಟ್ಟು ನಿಂತಿತು. ದ್ರಾಕ್ಷಿ ತೋಟದ ಮೇಲೆ ಕತ್ತಲು ಇಳಿಯುತ್ತಿತ್ತು. ಮುನಿಯಕ್ಕ ಮಗುವನ್ನು ಸೊಂಟಕ್ಕೇರಿಸಿ ಎದ್ದಳು. ಗೂಡಿನಲ್ಲಿ ದೀಪ ಹಚ್ಚಿದಳು, ಹೊಸ್ತಿಲ ಮೇಲೆ ನೀರಿನ ಚೊಂಬು ಇಟ್ಟಳು. ಆಮೇಲೆ ಎಲ್ಸಾಳಿಗೆ ಬೆನ್ನು ಮಾಡಿ ಒಳಮನೆಯ ಕತ್ತಲಿಗೆ ಕೂಗಿದಳು, "ಎಲ್ಸಮ್ಮಾ... ಬಾರಮ್ಮ, ಉಣ್ಣುವಂತೆ."

"ಇಲ್ಲೇ ಇದ್ದೀನಲ್ಲ ಮುನಿಯಕ್ಕ," ಎಂದಳು ಎಲ್ಸಾ. ಮುನಿಯಕ್ಕ ತಿರುಗಲಿಲ್ಲ. ಸೊಂಟದ ಮೇಲಿನ ಕೂಸು ಕತ್ತಲ ಕಡೆ ಎರಡೂ ಕೈ ಚಾಚಿ ಕಿಲಕಿಲ ನಕ್ಕಿತು.

ಎಲ್ಸಾಳ ಬೆನ್ನ ಹಿಂದೆ ಯಾರೋ ಗಟಗಟ ನೀರು ಕುಡಿದರು.

ಪಟ್ಟಾಭಿರಾಮ ಎದ್ದು ಟೋಪಿ ಹಾಕಿಕೊಂಡ. ಎಲ್ಸಾಳ ಹೆಗಲ ಮೇಲಿಂದ ಬಾಗಿಲ ಕಡೆ ನೋಡುತ್ತ ಕೈ ಮುಗಿದ.

"ನಿಮ್ಮ ಅರ್ಜಿ ಆಯ್ತು ಅಂದ್ಕೊಳ್ಳಿ ಮೇಡಂ," ಎಂದು ಎಲ್ಸಾಳ ಕಡೆ ಬೆರಳು ಮಾಡಿದ. "ತಿಂಗಳ ಕೊನೆಗೆ ಇವರನ್ನ ಮಾತ್ರ ಕಳಿಸಬೇಕಾಗುತ್ತೆ."