ಬಿಸಿ ಕೈ

ಹೊಳಿಯಮ್ಮನ ಕ್ರೀಮು ಇವತ್ತೂ ನಿಲ್ಲಲಿಲ್ಲ. ಬೋರಲು ಹಾಕಿದ ಸ್ಟೀಲ್ ಡಬ್ಬಿಯೇ ಕಲಿಯುವವಳ ಕೇಕು. ಅದರ ಮೈಗೆಲ್ಲ ಕ್ರೀಮು ಸವರಿ, ಅಂಚಿಗೆ ಕೋನಿನಿಂದ ಒಂದು ಗುಲಾಬಿ ಒತ್ತಿದಳು. ಗುಲಾಬಿ ಒಂದು ಗಳಿಗೆ ಕೂತಂತೆ ಮಾಡಿ, ಮೆಲ್ಲಗೆ ಜಾರುತ್ತ ಡಬ್ಬಿಯ ಬುಡಕ್ಕೆ ಬಂದು ಬಿತ್ತು.

“ಅಕ್ಕಾರ, ನೀವು ಮಾಡಿದ್ದು ಕಲ್ಲಿನಂಗ ನಿಲ್ಲತೈತಿ. ನಂದ್ಯಾಕ ಹಿಂಗ ಸೋರತೈತ್ರಿ?”

ಕೇಕು ಕಲಿಸುವ ಹಸೀಬಾ ಅವಳ ಅಂಗೈ ಮುಟ್ಟಿ ನೋಡಿದಳು. “ನಿನ್ನ ಕೈ ಭಾಳ ಬಿಸಿ ಅದಾವ ಹೊಳಿಯಮ್ಮ. ಕೆಲವರ ಕೈ ಹಂಗ ಇರತಾವ. ಏನ್ ಮಾಡಾಕ ಬರತೈತಿ?”

ಹೊಳಿಯಮ್ಮ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಬೆಳಗಿನಿಂದ ಖಾನಾವಳಿಯ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಕೈಗಳು. ಇದ್ದರೂ ಇರಬಹುದು ಎನ್ನಿಸಿತು ಅವಳಿಗೆ.

ಹಸೀಬಾ ಹೇಳಿದ್ದು ಶುದ್ಧ ಸುಳ್ಳು. ಕುಷ್ಟಗಿಯ ಬಿಸಿಲಿನಲ್ಲಿ ಕ್ರೀಮು ನಿಲ್ಲಬೇಕಾದರೆ ಅದನ್ನು ಕಡೆಯುವ ಪಾತ್ರೆಯನ್ನು ಮೊದಲೇ ಫ್ರೀಜರಿನಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡಬೇಕು. ಹಸೀಬಾ ತನ್ನ ಕ್ರೀಮನ್ನು ಹೊಳಿಯಮ್ಮ ಬರುವ ಮೊದಲೇ ಹಾಗೆ ಕಡೆದು ಇಟ್ಟಿರುತ್ತಿದ್ದಳು. ಹೊಳಿಯಮ್ಮನ ಕೈಗೆ ಕೊಡುತ್ತಿದ್ದದ್ದು ಮಾತ್ರ ಕಿಟಕಿಯ ಬಿಸಿಲಿಗೆ ಕಾದ ಪಾತ್ರೆ.

ಹಸೀಬಾ ಕೆಟ್ಟವಳೇನಲ್ಲ. ಆದರೆ ಹೊಳಿಯಮ್ಮ ಬಂದ ದಿನವೇ ಕೇಳಿದ ಮಾತು ಅವಳ ತಲೆಯಲ್ಲಿ ಹುಳ ಬಿಟ್ಟಿತ್ತು. “ತತ್ತಿ ಹಾಕಲಾರದ ಕೇಕ್ ಹೆಂಗ ಮಾಡೋದ್ರಿ? ಮಗಳ ಹುಟ್ಟಿದಹಬ್ಬ ಶನಿವಾರ ಬಂದೈತಿ. ಶನಿವಾರ ನಮ್ಮನ್ಯಾಗ ತತ್ತಿ ಮುಟ್ಟಂಗಿಲ್ಲ. ನಮ್ಮವ್ವನ ಮಾಡ್ತಾಳ ಅಂತ ಸಾಲ್ಯಾಗ ಎಲ್ಲಾರಿಗೂ ಹೇಳಿ ಬಂದಾಳ್ರಿ.”

ಮಗಳಂತೆ, ಹುಟ್ಟಿದಹಬ್ಬವಂತೆ! ಒಂದು ಕೇಕಿಗಾಗಿ ಯಾರಾದರೂ ಇಷ್ಟು ಒದ್ದಾಡುತ್ತಾರೆಯೇ? ಕಲಿತು ಅಂಗಡಿ ಇಡುವ ಹುನ್ನಾರವೇ ಇರಬೇಕು. ಹಸೀಬಾಳ ಮನೆಯಿಂದ ಮೊಟ್ಟೆಯಿಲ್ಲದ ಕೇಕು ಒಯ್ಯುವ ಅರ್ಧ ಜನ “ಖರೇನ ತತ್ತಿ ಹಾಕಿಲ್ಲೇನ್ರಿ?” ಎಂದು ಎರಡೆರಡು ಸಲ ಕೇಳಿ, ಮೂಸಿ ನೋಡಿಯೇ ಒಯ್ಯುತ್ತಿದ್ದರು. ಹೊಳಿಯಮ್ಮ ಒಂದು ಅಂಗಡಿ ತೆರೆದರೆ ಅವರೆಲ್ಲ ಅತ್ತ ಹಾರುವವರೇ. ಅದಕ್ಕೆ ಸರಿಯಾಗಿ, ಹೊಳಿಯಮ್ಮನ ಗಂಡ ಓಬಳೆಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಖಾಲಿ ಮಳಿಗೆಗೆ ಬಣ್ಣ ಹಚ್ಚುತ್ತಿದ್ದದ್ದನ್ನು ಹಸೀಬಾ ಕಣ್ಣಾರೆ ಕಂಡಿದ್ದಳು. ಯಾಕೆಂದು ಹೊಳಿಯಮ್ಮನನ್ನೇ ಕೇಳಬಹುದಿತ್ತು. ಕೇಳಿದರೆ ತನಗೆ ಗುಮಾನಿ ಬಂದದ್ದು ಗೊತ್ತಾಗಿಬಿಡುತ್ತದಲ್ಲ!

ಶುಕ್ರವಾರ ಬೆಳಿಗ್ಗೆ ಸಂತೆ ಚೀಲ ಹಿಡಿದು ಹೋದವಳು ಆ ಮಳಿಗೆಯ ಮುಂದೆ ನಿಂತೇಬಿಟ್ಟಳು. ಮೇಲೆ ಹೊಸ ಬೋರ್ಡು ಬಂದಿತ್ತು, ಮೊಬೈಲ್ ರಿಪೇರಿಯದು. ಓಬಳೆಪ್ಪ ಏಣಿಯ ಮೇಲಿದ್ದ.

“ಈ ಅಂಗಡಿ ನಿಮ್ದೇನಪ್ಪಾ?”

“ನಂದೆಲ್ಲೀದ್ರಿ ಅಕ್ಕಾರ! ನಾ ಬಣ್ಣ ಹಚ್ಚಾಂವ. ಇದು ಮುಗೀತಂದ್ರ ನಾಳಿ ಇನ್ನೊಬ್ಬರದು.” ಓಬಳೆಪ್ಪ ನಕ್ಕ. “ನಾಳಿ ಸಂಜಿಕ ಮನಿಗೆ ಬರ್ರಿ. ಮೊದಲನೇ ತುಣುಕು ನಿಮಗ ಕೊಡಬೇಕಂತ ಹೇಳ್ಯಾಳ ನಮ್ಮಾಕಿ.”

ಹಸೀಬಾಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಂತೆಯಲ್ಲಿ ಕೊಂಡದ್ದೆಷ್ಟೋ ಬಿಟ್ಟದ್ದೆಷ್ಟೋ, ಮನೆಗೆ ಬಂದು ಮೊದಲು ಪಾತ್ರೆಯನ್ನು ಫ್ರೀಜರಿನಲ್ಲಿಟ್ಟಳು. ಹೊಳಿಯಮ್ಮನಿಗೆ ಏನು ಹೇಳುವುದು? ‘ಈ ಉಪಾಯ ನಿನ್ನೆ ಫೋನಿನಾಗ ನೋಡಿದೆ’ ಎಂದರಾಯಿತು. ತಪ್ಪು ತಿದ್ದಿಕೊಳ್ಳುವುದಕ್ಕೂ ಒಂದು ಸುಳ್ಳು ಸಿದ್ಧವಾಯಿತು.

ಹೊಳಿಯಮ್ಮ ಬರುವ ಹೊತ್ತು ದಾಟಿತು. ಬರಲಿಲ್ಲ. ಬೇರೆ ಯಾರ ಹತ್ತಿರವಾದರೂ ಕಲಿಯಲು ಹೋದಳೇ? ಹಾಳು ಮನಸ್ಸು, ಮತ್ತೆ ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ ಬಾಗಿಲ ಹೊರಗಿನಿಂದ ದನಿ ಬಂತು.

“ಅಕ್ಕಾರ, ಬಾಗಲಾ ತಗೀರಿ. ನನಗ ಕೈ ಬಿಡಾಕ ಬರಂಗಿಲ್ಲ.”

ಹಸೀಬಾ ಆಗಷ್ಟೇ ಫ್ರೀಜರಿನಿಂದ ತೆಗೆದ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಾಗಿಲು ತೆರೆದಳು. ಹೊಳಿಯಮ್ಮನ ಎರಡೂ ಕೈ ಒದ್ದೆ ಗೋಣಿಚೀಲದಲ್ಲಿ ಸುತ್ತಿದ್ದವು. ನೀರು ತೊಟ್ಟಿಕ್ಕಿ ಸೀರೆಯ ಅಂಚು ನೆನೆದಿತ್ತು.

“ಸೋಡಾ ಅಂಗಡ್ಯಾಗ ಐಸ್ ಗಡ್ಡಿ ಇಸಗೊಂಡು, ಅಲ್ಲಿಂದ ಹಿಡಕೊಂಡ ಬಂದೀನ್ರಿ. ಇವತ್ತ ರೊಟ್ಟಿ ಬಡ್ಯಾಕೂ ಹೋಗಲಿಲ್ಲ, ಮತ್ತ ಬಿಸಿ ಆಗ್ತಾವಂತ.” ಅವಳು ಗೋಣಿ ಬಿಚ್ಚಿದಳು. ಬೆರಳುಗಳು ಬಿಳಿಚಿಕೊಂಡು ಸುಕ್ಕುಗಟ್ಟಿದ್ದವು, ಮಡಚಲು ಬರುತ್ತಿರಲಿಲ್ಲ. “ಮುಟ್ಟಿ ನೋಡ್ರಿ ಅಕ್ಕಾರ. ಈಗರೆ ನಿಲ್ಲತೈತೇನ್ರಿ?”

ಹಸೀಬಾ ಮುಟ್ಟಿದಳು. ಕಂಕುಳಲ್ಲಿದ್ದ ಪಾತ್ರೆಗಿಂತ ಆ ಕೈಗಳೇ ಅವಳಿಗೆ ತಣ್ಣಗೆನಿಸಿದವು.