ಟೀ ಹಿಡಿದ ಎಂಟನೆಯ ದಿನ

ನಮ್ಮ ಬೀದಿಯ ಬಾಗಿಲುಗಳು ಬೀಗ ಬಿಟ್ಟು ನಾಡಿಯಿಂದ ಮನೆಯವರನ್ನು ಗುರುತಿಸತೊಡಗಿ ಮೂವತ್ತು ವರ್ಷವಾಯಿತು. ಡಾಕ್ಟರ ಮಾತಿಗೆ ನಾನು ಕಾಫಿ ಬಿಟ್ಟು ಟೀ ಹಿಡಿದು ಎಂಟು ದಿನ. ಅಂಗಳದ ಕರಿಬೇವು ಕಿತ್ತು ಬಂದು ಬಾಗಿಲಿಗೆ ಬೆರಳೊತ್ತಿದೆ.

"ನಾಡಿ ನಿಧಾನ. ನೀವು ಅಮ್ಮಣ್ಣಿ ಅಲ್ಲ," ಎಂದಿತು.

ಒಳಗೆ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ನಡೆಯಲಾರದ ಯಜಮಾನರು ಮಲಗಿದ್ದರು.

"ಟೀ ಹಿಡಿದಿದ್ದನ್ನ ಬಾಗ್ಲಿಗೆ ಹೇಳ್ಬಾರ್ದಾ?" ಎಂದು ಬೈಯುತ್ತಲೇ ಪಕ್ಕದ ಮನೆಯ ಚೆಲುವಮ್ಮ ತನ್ನ ಲೋಟದ ಕಾಫಿಯನ್ನೇ ಕೊಟ್ಟಳು. ಕುಡಿದೆ.

"ಇದು ಮೈಗೇರೋಕೆ ಅರ್ಧ ಗಂಟೆ ಬೇಕಲ್ಲೇ!" ಎಂದೆ.

ಬಾಗಿಲ ಸಂದಿಯಿಂದ ಹೊಗೆ ಬಂತು. ಕೂಗಿದೆ. ಯಜಮಾನರು ಓಗೊಡಲಿಲ್ಲ. ನನ್ನ ಎದೆ ಡವಗುಟ್ಟಿತು.

"ಬನ್ನಿ ಅಮ್ಮಣ್ಣಿ," ಎಂದು ಬಾಗಿಲು ಸರಿಯಿತು.

ಯಜಮಾನರು ಹೊಸ್ತಿಲಲ್ಲೇ ಬಿದ್ದಿದ್ದರು.

"ಆಗ್ಲೇ ತೆವಳಿ ಬಂದು ಒಳಗಿಂದ ಬೆರಳಿಟ್ಟೆ ಕಣೇ," ಎಂದು ಕೆಮ್ಮಿದರು. "ನಂಗೂ ನೀವಲ್ಲ ಅಂತು."

ನನ್ನ ಜೊತೆಗಿರಲೆಂದು ಅವರಿಗೂ ಟೀಯನ್ನೇ ಕೊಡುತ್ತಿದ್ದೆ.